ಬಳೆಯಿಲ್ಲದ ಬಲಗೈ

ಕಾಕು ಬಲಗೈಗೆ ಬಳೆ ತೊಡುತ್ತಿರಲಿಲ್ಲ. ಎಡಗೈಯಲ್ಲಿ ಮಾತ್ರ ಮಣಿಕಟ್ಟಿನಿಂದ ಮೇಲಕ್ಕೆ ಒತ್ತೊತ್ತಾಗಿ ಹಸಿರು ಗಾಜಿನ ಬಳೆ. ಬಲಗೈ ಪೂರಾ ಬೋಳು, ಉಗುರುಗಳು ಬುಡದವರೆಗೆ ಕತ್ತರಿಸಿದ್ದು. ಗಂಡ ಗಟ್ಟಿಮುಟ್ಟಾಗಿರುವ ಹೆಂಗಸು ಹೀಗೆ ಒಂದು ಕೈ ಬರಿದು ಬಿಟ್ಟುಕೊಂಡು ಓಡಾಡಿದರೆ ನಮ್ಮ ಕಡೆಯವರು ಸುಮ್ಮನಿರುತ್ತಾರೆಯೇ? ಯಾರಾದರೂ ಕೇಳಿದರೆ ಕಾಕು ಎಡಗೈ ಎತ್ತಿ ಝಣಝಣ ಅಲುಗಿಸಿ, “ಆ ಕೈದೂ ಇದರಾಗ ಅದಾವ. ಲೆಕ್ಕ ಸರಿ ಐತಿ” ಅನ್ನುತ್ತಿದ್ದರು.

ಬಲಗೈ ಇದ್ದದ್ದು ತುತ್ತು ಕೊಡುವುದಕ್ಕೆ. ದಿಲ್‌ಸುಖ್‌ನಗರದ ನಮ್ಮ ಗಲ್ಲಿಯ ತುದಿಯಲ್ಲಿ, ತಮ್ಮ ಮನೆಯ ಕೆಳಗಿನ ಭಾಗದಲ್ಲೇ ಅವರು ಡೇಕೇರ್ ನಡೆಸುತ್ತಿದ್ದರು. ಚಿಕ್ಕಮ್ಮ ಅನ್ನುವ ಹಾಗೆ ಗಲ್ಲಿಯವರೆಲ್ಲ ಅವರನ್ನು ಕಾಕು ಅನ್ನುತ್ತಿದ್ದರು. ಬಾಗಲಕೋಟೆ ಕಡೆಯವರು, ಮದುವೆಯಾಗಿ ಬಂದು ಅರ್ಧ ಆಯುಷ್ಯ ಹೈದರಾಬಾದಿನಲ್ಲೇ ಕಳೆದಿದ್ದರು. ಮಧ್ಯಾಹ್ನ ಕೂಸುಗಳನ್ನೆಲ್ಲ ಅರ್ಧಚಂದ್ರಾಕಾರವಾಗಿ ಕೂರಿಸಿ, ದೊಡ್ಡ ಪರಾತದಲ್ಲಿ ಅನ್ನ, ಬೇಳೆ, ತುಪ್ಪ ಕಲಸಿ, ಸಾಲು ಹಿಡಿದು ಬಾಯಿಗಿಡುತ್ತಿದ್ದರು. ತೆಲುಗು ಕೂಸಿಗೆ ತೆಲುಗಿನಲ್ಲಿ, ಹಿಂದಿ ಕೂಸಿಗೆ ಹಿಂದಿಯಲ್ಲಿ ಗದರಿಕೆ. ತುತ್ತು ಮಾತ್ರ ಎಲ್ಲರಿಗೂ ಒಂದೇ ಗಾತ್ರದ್ದು.

ಆ ಪಂಕ್ತಿಗೇ ನಾನು ಹೆದರಿದ್ದು. ನನ್ನ ಮಗಳಿಗೆ ಶೇಂಗಾ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆ ನೋಯುವ ಮಾತಲ್ಲ, ಉಸಿರು ಕಟ್ಟುವ ಮಾತು. ಹಲ್ಲು ಬಂದ ಸಂಭ್ರಮಕ್ಕೆ ನಮ್ಮತ್ತೆ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮೊಸರು ಕಲಸಿ ಬೆರಳ ತುದಿಯಲ್ಲಿ ನೆಕ್ಕಿಸಿದ್ದರು. ವಿಜಯಪುರದ ಅಜ್ಜಿ ಮೊಮ್ಮಗಳಿಗೆ ಇನ್ನೇನು ನೆಕ್ಕಿಸಿಯಾರು? ನೋಡನೋಡುತ್ತ ಕೂಸಿನ ತುಟಿ ಬಾತು, ಕಣ್ಣು ಮುಚ್ಚಿಹೋಗಿ, ಎದೆ ಸುಂಯ್‌ಗುಡತೊಡಗಿತು. ಆಸ್ಪತ್ರೆಯಲ್ಲಿ ಬದುಕಿಕೊಂಡಿತು. ಆದರೆ ಅತ್ತೆ ಆವತ್ತಿನಿಂದ ಮೊಮ್ಮಗಳಿಗೆ ತಮ್ಮ ಕೈಯಾರೆ ಒಂದು ತುತ್ತು ಕೊಡಲಿಲ್ಲ. ಊಟದ ಹೊತ್ತಿಗೆ ಏನಾದರೂ ನೆಪ ತೆಗೆದು ಎದ್ದುಹೋಗುತ್ತಿದ್ದರು.

ನನಗೆ ಬೇಗಂಪೇಟೆಯಲ್ಲಿ ಆಫೀಸು, ಗಂಡನಿಗೆ ಜೀಡಿಮೆಟ್ಲಾದ ಔಷಧ ಫ್ಯಾಕ್ಟರಿ. ಕೂಸನ್ನು ಎಲ್ಲಿಯಾದರೂ ಬಿಡಲೇಬೇಕಿತ್ತು. ಮೊದಲು ಬಿಟ್ಟ ಕಡೆ ಅವಳನ್ನು ಡಬ್ಬಿಯ ಸಮೇತ ಮೂಲೆಯಲ್ಲಿ ಬೇರೆ ಕೂರಿಸುತ್ತಿದ್ದರು. ಜಾಗ್ರತೆಯೇನೋ ಸರಿ, ಆದರೆ ಅವಳು ಉಣ್ಣುವುದನ್ನೇ ಬಿಟ್ಟಳು. ಸಂಜೆ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು.

ಕಾಕುಗೆ ಇದನ್ನೆಲ್ಲ ಹೇಳಿ, ನೀವೂ ಬೇರೆ ಕೂರಿಸುವುದಾದರೆ ಕೂರಿಸಿ ಅಂದೆ.

“ಬ್ಯಾರೆ ಯಾಕ ಕುಂಡರಸ್ಲಿ? ಆಕಿ ತಿನ್ನಂಗಿಲ್ಲಂದ್ರ ಇಲ್ಲೆ ಯಾರೂ ತಿನ್ನೂದು ಬ್ಯಾಡ. ಬಸ್, ಮುಗೀತು” ಅಂದರು.

ಅವರಿಗೆ ಮುಗಿದಿರಬಹುದು, ಉಳಿದವರಿಗಲ್ಲ. ಹೈದರಾಬಾದಿನಲ್ಲಿ ಪಲ್ಲಿ ಚಟ್ನಿ, ಅಂದರೆ ಶೇಂಗಾ ಚಟ್ನಿ, ಇಲ್ಲದ ಇಡ್ಲಿ ಎಂದರೆ ಗಂಡಿಲ್ಲದ ಮದುವೆ. ಒಬ್ಬ ತಂದೆ ಬಾಗಿಲಲ್ಲೇ ಜಗಳಕ್ಕೆ ನಿಂತರು. ಕಾಕು ತೆಲುಗಿನಲ್ಲಿ, ಚಟ್ನಿ ನಿಮ್ಮ ಮನೆಯಲ್ಲಿ ಹೊಟ್ಟೆ ತುಂಬ ತಿನಿಸಿ, ಕೈಬಾಯಿ ಸೋಪು ಹಚ್ಚಿ ತೊಳೆದು, ಅಂಗಿ ಬದಲಿಸಿ ಕರಕೊಂಡು ಬನ್ನಿ, ಇಲ್ಲವೇ ಬರಬೇಡಿ ಎಂದರು. ಆತ ಮರುದಿನ ಕೂಸಿನ ಮುಖ ಫಳಫಳ ತೊಳೆದು ಕರೆತಂದರು. ಡಾಕ್ಟರು ಕೊಟ್ಟ ಔಷಧದ ಚೀಲ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಬೆಳಿಗ್ಗೆ ಕಾಕು ಮೊದಲು ಅದನ್ನು ಮುಟ್ಟಿ ನೋಡಿ, ಆಮೇಲೆ ದೇವರಿಗೆ ದೀಪ ಹಚ್ಚುತ್ತಿದ್ದರು. ನನ್ನ ಮಗಳು ಪಂಕ್ತಿಯಲ್ಲಿ ಕೂತು ಗುಬ್ಬಿಮರಿಯ ಹಾಗೆ ಬಾಯಿ ತೆರೆಯತೊಡಗಿದಳು. ಮೈಯೂ ತುಂಬಿಕೊಂಡಿತು.

ಆಮೇಲೆ ಪಂಚಮಿ ಬಂತು. ಅತ್ತೆ ಹಬ್ಬಕ್ಕೆಂದು ಬಂದು, ಶೇಂಗಾ ನಮ್ಮ ಮನೆಯೊಳಗೆ ಬರುವ ಹಾಗಿಲ್ಲವೆಂದು ಅದೇ ಏರಿಯಾದಲ್ಲಿದ್ದ ತಮ್ಮ ತಂಗಿಯ ಮನೆಯಲ್ಲಿಳಿದರು. ಪಂಚಮಿಗೆ ಉಂಡಿ ಕಟ್ಟಿ ನಾಲ್ಕು ಮನೆಗೆ ಹಂಚದಿದ್ದರೆ ನಮ್ಮವರಿಗೆ ಹಬ್ಬ ಮಾಡಿದ ಹಾಗೇ ಅಲ್ಲ. ನಾನು ಅರ್ಧ ದಿನ ರಜೆ ಹಾಕಿ ಮಗಳನ್ನು ಕರೆತರಲು ಹೋದರೆ, ಕಾಕುವಿನ ಹೊಸ್ತಿಲಲ್ಲಿ ಅತ್ತೆ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ ಶೇಂಗಾ ಉಂಡಿ.

“ನಮ್ಮ ಕೂಸಿಗಲ್ರಿ. ಉಳಿದ ಹುಡುಗ್ರಿಗೆ ತಂದೀನಿ” ಎಂದು ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು.

ಹಬ್ಬದ ಉಂಡಿ ಬೇಡ ಅನ್ನುವುದು ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ಕಾಕು ಬೇಡ ಅನ್ನಲಿಲ್ಲ. ಡಬ್ಬಿಗೆ ಕೈಮುಗಿದು, ಗಂಡನನ್ನು ಕೂಗಿದರು. ಕಾಕಾ ಅದನ್ನು ಹೊರಗಿನಿಂದಲೇ ಸ್ಕೂಟರಿಗೆ ತೂಗುಹಾಕಿಕೊಂಡು ಗೆಳೆಯರ ಮನೆಯ ದಾರಿ ಹಿಡಿದರು. ಅಷ್ಟರಲ್ಲಿ ಮಗಳು ಅಜ್ಜಿಯನ್ನು ಕಂಡು ಓಡಿಬಂದಳು, ಅತ್ತೆ ಕೈ ಚಾಚಿದರು. ಕಾಕು ನಡುವೆ ಬಂದು ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು, ಅತ್ತೆಯ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಕೈ ತೊಳೆದದ್ದು ನಿಜ. ಆದರೆ ಹಬ್ಬಕ್ಕೆ ಇಟ್ಟುಕೊಂಡ ಹೊಸ ಬಳೆಗಳ ಸಂದಿಯಲ್ಲಿ ಶೇಂಗಾ ಪುಡಿ ಬೆಲ್ಲಕ್ಕೆ ಅಂಟಿ ಗೆರೆಯಾಗಿ ಕೂತಿತ್ತು.

ಅತ್ತೆ ಅದನ್ನು ನೋಡಿದರು. ಚಾಚಿದ್ದ ಎಡಗೈಯನ್ನೂ ಹಿಂದಕ್ಕೆಳೆದುಕೊಂಡು ಅಳತೊಡಗಿದರು.

“ಬಳಿ ತಗೀರಿ” ಅಂದರು ಕಾಕು.

“ಹಬ್ಬದ ದಿನ ಮುತ್ತೈದಿಗೆ ಎಂಥಾ ಮಾತು ಆಡ್ತೀರಿ?”

“ತಗದು ಚೆಲ್ಲಂತ ಅನ್ಲಿಲ್ರಿ. ತೊಳದು ಎಡಗೈಗೆ ಹಾಕ್ಕೋರಿ. ನಾ ಹಾಕ್ಕೊಂಡಿಲ್ಲೇನು? ನಮ್ಮ ಯಜಮಾನ್ರು ಈಗ ನಿಮ್ಮ ಉಂಡಿ ತಗೊಂಡು ಸ್ಕೂಟರ್ ಹೊಡ್ಯಾಕತ್ತಾರ.”

ಅತ್ತೆಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಹಿತ್ತಲ ನಲ್ಲಿಯ ಕೆಳಗೆ ಕಾಕು ಕೈಗೆ ಸೋಪು ಸವರಿ, ಬಳೆಗಾರ್ತಿಯ ಹಾಗೆ ನಯವಾಗಿ, ಒಂದೂ ಒಡೆಯದಂತೆ ಬಳೆ ಇಳಿಸಿ, ತೊಳೆದು ಎಡಗೈಗೇರಿಸಿದರು. ತಮ್ಮದೊಂದು ಒಗೆದ ಸೀರೆ ಉಡಿಸಿದರು. ತಾವೂ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು, ಸೀರೆ ಬದಲಿಸಿ ಬಂದರು. ಇನ್ನು ಅತ್ತೆಯನ್ನು ಹೊರಗೆ ಕೂರಿಸುತ್ತಾರೆ ಅಂದುಕೊಂಡೆ. ಕಾಕು ಪರಾತ ತಂದು ಅವರ ಮುಂದಿಟ್ಟರು.

“ನೀವ ಉಣಸ್ರಿ.”

“ನನ್ನ ಕೈ ಬ್ಯಾಡವ್ವಾ” ಅಂದರು ಅತ್ತೆ.

“ಕೈದೇನು ತಪ್ಪು? ತೊಳದೈತಿ. ಉಣಸ್ರಿ, ಹುಡುಗ್ರು ಹಸದಾರ.”

ಅತ್ತೆ ಅನ್ನ ಕಲಸಿದರು. ಒಂದು ತುದಿಯಿಂದ ಸಾಲು ಹಿಡಿದು ಬಾಯಿಗಿಡುತ್ತ ಬಂದರು. ನನ್ನ ಕೈಯಿಂದಿಳಿದು ಪಂಕ್ತಿಯ ನಡುವೆ ಕೂತ ಮೊಮ್ಮಗಳ ಮುಂದೆ ಕೈ ಬಂದು ನಿಂತುಬಿಟ್ಟಿತು. ಅವಳಿಗೇನು ಗೊತ್ತು, ತಡವಾಯಿತೆಂದು ಸಿಟ್ಟಿಗೆದ್ದು ಎರಡೂ ಕೈಯಿಂದ ಅಜ್ಜಿಯ ಕೈ ಹಿಡಿದು ಬಾಯಿಗೆಳೆದುಕೊಂಡಳು. ಅತ್ತೆ ಕಣ್ಣೊರೆಸಿಕೊಳ್ಳದೆ ಮುಂದಿನ ಕೂಸಿಗೆ ತುತ್ತು ಕಟ್ಟಿದರು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾನು ಮಾತ್ರ ಬಾಗಿಲ ಹಿಂದೆ, ಔಷಧದ ಚೀಲದ ಪಕ್ಕ ನಿಂತು ಚೆನ್ನಾಗಿ ಅತ್ತುಬಿಟ್ಟೆ.

ಮಗಳೀಗ ಶಾಲೆಗೆ ಹೋಗುತ್ತಾಳೆ. ಯಾರು ಏನು ಕೊಟ್ಟರೂ ಇದರಲ್ಲಿ ಶೇಂಗಾ ಇದೆಯೇ ಎಂದು ತೆಲುಗು, ಹಿಂದಿ, ಕನ್ನಡದಲ್ಲಿ ಸಂಕೋಚವಿಲ್ಲದೆ ಕೇಳುತ್ತಾಳೆ. ಕಲಿಸಿದವರು ಕಾಕು. ನಾನು ಕಲಿಸಿದ್ದರೆ ಹೆದರಿಕೆಯನ್ನೂ ಸೇರಿಸಿ ಕಲಿಸುತ್ತಿದ್ದೆ.

ಕಳೆದ ವರ್ಷ ಕಾಕು ಹೋಗಿಬಿಟ್ಟರು. ಸುದ್ದಿ ಬಂದಾಗ ಅತ್ತೆ ನಮ್ಮಲ್ಲೇ ಇದ್ದರು, ಇಬ್ಬರೂ ಓಡಿದೆವು. ಕಾಕಾ ಗೋಡೆಗೊರಗಿ ಕೂತಿದ್ದರು. ಮುತ್ತೈದೆಯ ಸಾವು, ಹೆಂಗಸರು ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ತಂದು, ಬಲಗೈ ಎತ್ತಿಕೊಂಡಿದ್ದರು. ಅತ್ತೆ ಎಲ್ಲರನ್ನೂ ಸರಿಸಿ ಮುಂದೆ ಹೋದರು.

“ಆ ಕೈಗೆ ಬ್ಯಾಡ್ರಿ” ಅಂದರು.

ಹಾಗೆ ಬರಿಗೈಯಲ್ಲಿ ಕಳಿಸಬಾರದು ಎಂದು ಯಾರೋ ಹಿರಿಯರು ತಡೆದರು. ಅತ್ತೆ ಕೇಳಲಿಲ್ಲ. ಬಳೆಗಳನ್ನು ಇಸಿದುಕೊಂಡು, ಒಂದೊಂದಾಗಿ ಎಲ್ಲವನ್ನೂ ಎಡಗೈಗೇ ಏರಿಸಿದರು. ಬೋಳು ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಎದೆಯ ಮೇಲಿಟ್ಟರು.

“ಲೆಕ್ಕ ಸರಿ ಐತಿ” ಅಂದರು.