ಖಾಲಿ ಬಾಯಿಯ ಮುಚ್ಚಳ

ಅಂಬೇವಾಡಿಯಲ್ಲಿ ವಾಕಿಟಾಕಿ ರಿಪೇರಿ ಮಾಡುವ ಅಮೀರಸಾಬ ಅಂದರೆ ನಾನೇ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಕಾಗದ ಕಾರ್ಖಾನೆಯಲ್ಲಿ ಪಂಪ್ ಫಿಟ್ಟರ್ ಆಗಿದ್ದೆ. ಆ ಫಿಟ್ಟರ್ ನನ್ನೊಳಗೆ ಇನ್ನೂ ಸತ್ತಿಲ್ಲ, ಅದೇ ನನ್ನ ಗ್ರಹಚಾರ.

ಹೋದ ಜನವರಿಯಲ್ಲಿ ಗಣೇಶಗುಡಿ ರಾಫ್ಟಿಂಗ್‌ನವರ ವೈರ್‌ಲೆಸ್ ಕೆಟ್ಟಿತು. ಡ್ಯಾಮಿನಿಂದ ನೀರು ಬಿಟ್ಟರೆ ನದಿಯಲ್ಲಿದ್ದವರಿಗೆ ಸುದ್ದಿ ಮುಟ್ಟುವುದು ಅದರಲ್ಲೇ. ನನ್ನ ಮಗಳು ನಸ್ರೀನ ಅಲ್ಲಿ ರಾಫ್ಟ್ ಗೈಡ್. ಮತ್ತೆ ಈ ಕೆಲಸ ಬೇರೆಯವರಿಗೆ ಬಿಡುತ್ತೇನೆಯೇ?

ಕೆಟ್ಟದ್ದು ಒಂದು ಫಿಲ್ಟರ್ ಡಬ್ಬಿ. ಅದಕ್ಕೆ ಮೂರು ಬಾಯಿ: ಒಂದು ಆಂಟೆನಾಕ್ಕೆ, ಒಂದು ಮಾತು ಕಳಿಸಲು, ಒಂದು ಕೇಳಲು. ಹಳಿಯಾಳದಲ್ಲಿ ಕಾಲೇಜು ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ಸಹನಾ ಮೇಡಮ್ ಫೋನಿನಲ್ಲಿ ಹೇಳಿದರು: "ಚಾಚಾ, ಯಾವ ಬಾಯಾಗ ಹೊಕ್ಕ ಸಿಗ್ನಲ್ ಯಾವ ಬಾಯಾಗಿಂದ ಎಷ್ಟು ಹೊರಗ ಬರತೈತಿ, ಎಲ್ಲಾ ಅಳದು ಫೈಲ್ ಕಳಸ್ರಿ. ಯಾವ ಸ್ಕ್ರೂ ಎಷ್ಟು ತಿರುವಬೇಕು ಅದರಾಗ ನೋಡಿ ಹೇಳ್ತೇನಿ." ಸಿಗ್ನಲ್ ಅಳೆಯುವ ನನ್ನ ಮೀಟರಿಗೆ ಎರಡೇ ಬಾಯಿ. ಜೋಡಿ ಜೋಡಿ ಹಚ್ಚಿ ಮೂರು ಸಲ ಅಳೆಯಬೇಕು. "ಖಾಲಿ ಉಳಿದ ಬಾಯಿ ಮುಚ್ಚೂದು ಮರೀಬ್ಯಾಡ್ರಿ," ಅಂದರು ಮೇಡಮ್.

"ನನಗ ಹೇಳ್ತೀರೇನ್ರಿ?" ಅಂದೆ. ಪೈಪಿನ ಬಾಯಿ ಮುಚ್ಚುತ್ತಲೇ ಗಡ್ಡ ಬೆಳ್ಳಗಾದವನು! ಡಬ್ಬಿಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳವನ್ನೇ ಬಿಗಿದು ಅಳೆದೆ. ಫೈಲಿನಲ್ಲಿ ಸಾಲು ಸಾಲು ಅಂಕಿ ಬಂದವು. ಆ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾದ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ. ಅದು ಮನುಷ್ಯರ ಟಿಪ್ಪಣಿಗೆ ಬಿಟ್ಟ ಜಾಗ. ಜಂಬ ಕೊಚ್ಚಲು ಇನ್ನೇನು ಬೇಕು? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದೆ: "ಖಾಲಿ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಬಿಗದೇನಿ. ಒಂದು ಹನಿ ಸೋರಂಗಿಲ್ಲ. ಅಮೀರಸಾಬ, ಫಿಟ್ಟರ್."

ಫೈಲ್ ಕಳಿಸಿ ಅರ್ಧ ತಾಸಿಗೆ ಮೇಡಮ್ ಫೋನು. "ಅಯ್ಯ ಚಾಚಾ, ಅದು ಧೂಳ ಹೊಗಬಾರದಂತ ಹಾಕೂ ಮುಚ್ಚಳರಿ! ಸಿಗ್ನಲ್ ಅಲ್ಲಿಂದ ವಾಪಸ್ ತಿರುಗಿ ಎಲ್ಲಾ ಅಂಕಿ ಕೆಡಸತೈತಿ. ಅದನ್ನ ನುಂಗೂ ಲೋಡ್ ಹಚ್ಚಬೇಕು. ಮೀಟರ್ ಜೋಡಿ ಸಣ್ಣ ಹಿತ್ತಾಳಿ ತುಂಡು ಐತಿ ನೋಡ್ರಿ, ಅದು. ನೀವು ಬರದದ್ದು ಓದದಿದ್ರ ಈ ಅಂಕಿನ ನಂಬಿ ಸ್ಕ್ರೂ ತಿರುವತಿದ್ವಿ. ಸೆಟ್ ಕಿವುಡ ಆಗತಿತ್ತು."

ನೀರು ಬಿಟ್ಟ ಸುದ್ದಿ ಕೇಳದೆ ನಡುನದಿಯಲ್ಲಿ ಹುಟ್ಟು ಹಾಕುತ್ತಿರುವ ನಸ್ರೀನ ಕಣ್ಣಮುಂದೆ ಬಂದಳು. ಮಗಳನ್ನು ಉಳಿಸಿದ್ದು ನನ್ನ ಜಂಬದ ಸಾಲು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿತ್ತಾಳೆ ತುಂಡು ಹುಡುಕಿ ಹಚ್ಚಿ, ಮೂರೂ ಸಲ ಮತ್ತೆ ಅಳೆದು ಫೈಲ್ ಕಳಿಸಿದೆ.

ಎರಡು ದಿನದಲ್ಲಿ ಮೇಡಮ್ ಹೇಳಿದಂತೆ ಸ್ಕ್ರೂ ತಿರುವಿ ಡಬ್ಬಿ ಕೂಡಿಸಿದೆ. ಗಣೇಶಗುಡಿಯ ದಂಡೆಯಲ್ಲಿ ಗೈಡುಗಳೆಲ್ಲ ವಾಕಿಟಾಕಿ ಹಿಡಿದು ನಿಂತಿದ್ದರು. ದೂರದ ತಿರುವಿನಿಂದ ನಸ್ರೀನಳ ದನಿ, ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಚೊಕ್ಕ ಬಂತು: "ಅಬ್ಬಾ, ಎಲ್ಲಾ ಕೇಳಾಕತ್ತೈತಿ. ಒಂದು ಹನಿನೂ ಸೋರವಲ್ದು!"

ದಂಡೆ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮೇಡಮ್ ಯಾರ್ಯಾರಿಗೆ ಹೇಳಿದ್ದರೋ! ಉತ್ತರ ಕೊಡಲು ಗುಂಡಿ ಒತ್ತಿದೆ. "ಫಿಟ್ಟರ್ ಯಾರು ಅಂತ ತಿಳದೀ?" ಅಂದೆ.