ಅಕ್ಕನ ಹೆಬ್ಬೆಟ್ಟು, ನನ್ನ ರಿಮೋಟು

ಕೆಟ್ಟ ಯಂತ್ರ ಕಂಡರೆ ನನಗೆ ಕೈ ತುರಿಸುತ್ತದೆ. ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿಕೈ ನನ್ನ ಪರ್ಸಿನಲ್ಲೇ ಇರುತ್ತದೆ, ಯಾಕೆಂದರೆ ಅಲ್ಲಿ ಏನು ಕೆಟ್ಟರೂ ಕೊನೆಗೆ ನನ್ನನ್ನೇ ಕರೆಯಬೇಕು. ಇದನ್ನು ಜಂಬ ಅನ್ನುವವರು ಅನ್ನಲಿ. ಬರುವುದನ್ನು ಬರುತ್ತದೆ ಅನ್ನಲು ನನಗೆ ನಾಚಿಕೆಯಿಲ್ಲ.

ಶಿಗ್ಗಾಂವಿಯಲ್ಲಿರುವ ಅಕ್ಕನಿಗೆ ಲಕ್ವಾ ಹೊಡೆದದ್ದು ಹೋದ ಬೇಸಿಗೆಯಲ್ಲಿ. ಮಾತು ಉಳಿಯಿತು, ಬಲಗೈ ಬಲಗಾಲು ಸೋತವು. ಮನೆಗೆ ಕಳಿಸುವಾಗ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾಲೂ ಹಿಚುಕಬೇಕು, ಬೆರಳಿಗೆ ಕೆಲಸ ಕೊಟ್ಟಷ್ಟೂ ಕೈ ಮರಳಿ ಬರುತ್ತದೆ, ಬಿಟ್ಟರೆ ಹಾಗೇ ಸೆಟೆದು ಕೂರುತ್ತದೆ ಎಂದು ಖಡಕ್ಕಾಗಿ ಹೇಳಿದ್ದರು. ಅಕ್ಕ ನಾಲ್ಕು ದಿನ ಹಿಚುಕಿದಳು. ಐದನೇ ದಿನ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟಳು.

"ನಾನೇನು ಕೂಸ ಏನು, ಚೆಂಡು ಹಿಡ್ಕೊಂಡು ಆಡ್ಕೋತ ಕುಂದ್ರಾಕ?"

ಅವಳದು ಅಂಥಿಂಥ ಕೈಯಲ್ಲ. ಹಿರೇಕೆರೂರಿನಿಂದ ಸವಣೂರಿನವರೆಗೆ ಎಷ್ಟೋ ಮನೆಗಳ ಕೂಸುಗಳು ಅವಳು ಹೊಲಿದ ಕೌದಿಯಲ್ಲಿ ಮಲಗಿ ದೊಡ್ಡವಾಗಿವೆ. ಆ ಕೈಗೆ ಚೆಂಡು ಕೊಟ್ಟರೆ ಸಿಟ್ಟು ಬಾರದೆ ಇನ್ನೇನು?

ಆಗ ನನಗೆ ಹೊಳೆದದ್ದು ರಿಮೋಟು. ಹಳೆಯ ಬಿಡಿಭಾಗಗಳನ್ನು ಕೂಡಿಸಿ ಒಂದು ಸಣ್ಣ ಕರೀ ಪೆಟ್ಟಿಗೆಯ ಕಂಪ್ಯೂಟರು ಮಾಡಿದೆ. ಅದರ ತುಂಬ ಹಾಡು, ವಚನ, ನಾಟಕ, ನಮ್ಮೆಲ್ಲರ ಮದುವೆಯ ವಿಡಿಯೋ ತುಂಬಿ ಅವಳ ಟಿವಿಗೆ ಜೋಡಿಸಿದೆ. ಮಂಚದ ಮೇಲಿಂದಲೇ ಬಲಗೈ ಹೆಬ್ಬೆಟ್ಟಿನಿಂದ ಗುಂಡಿ ಒತ್ತಬೇಕು, ಬೇಕಾದ್ದು ಕೇಳಬೇಕು. ಎಡಗೈ ಮುಟ್ಟಿಸಬಾರದು ಎಂಬುದೊಂದೇ ನನ್ನ ಷರತ್ತು. ಚೆಂಡು ಒಲ್ಲೆನೆಂದವಳು ಇದಕ್ಕೆ ಸೋತಳು. ಮೊದಲ ವಾರ ಒಂದು ಗುಂಡಿ ಒತ್ತಲು ಹೆಣಗಾಡಿದವಳು ತಿಂಗಳೊಪ್ಪತ್ತಿನಲ್ಲಿ ಹಾಡು ಬದಲಿಸುವುದು, ದನಿ ಏರಿಸುವುದು ಎಲ್ಲ ಕಲಿತಳು. ನನಗೆ ಫೋನು ಮಾಡಿ, "ಇವತ್ತ ಹದಿನೆಂಟು ಹಾಡು ಕೇಳೀನಿ ನೋಡ" ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಮಂದಿಗೆ ಹೇಳದೆ ಬಿಡುತ್ತಿರಲಿಲ್ಲ.

ಶ್ರಾವಣದಲ್ಲಿ ಮೊದಲ ತೊಂದರೆ ಬಂತು. ಒಂದು ಸಲ ಒತ್ತಿದರೆ ಎರಡು ಹಾಡು ಮುಂದೆ ಹೋಗತೊಡಗಿತು. ಅದು ನನಗೆ ನೀರು ಕುಡಿದಷ್ಟು ಸಲೀಸು. ರಿಮೋಟಿನ ಮೂತಿಯ ಸಣ್ಣ ದೀಪ ಕಣ್ಣಿಗೆ ಕಾಣದ ಬೆಳಕನ್ನು ಮಿಟುಕಿಸುತ್ತದೆ. ಪೆಟ್ಟಿಗೆಯ ಮುಂಭಾಗದಲ್ಲಿರುವ ಕಣ್ಣು ಅದನ್ನು ಹಿಡಿಯುತ್ತದೆ. ಆ ಮಿಟುಕು ಯಾವ ಗುಂಡಿಯದು ಎಂದು ಕಂಪ್ಯೂಟರಿಗೆ ತಿಳಿಸಿ ಹೇಳುವ ಸಾಫ್ಟ್‌ವೇರೇ ಡ್ರೈವರು. ಕಂಪ್ಯೂಟರು ತನ್ನಷ್ಟಕ್ಕೆ ಅಪ್‌ಡೇಟ್ ಆದಾಗ ಹೊಸ ಡ್ರೈವರು ಬಂದು ಕೂತಿತ್ತು, ಹಳೆಯದೂ ಜಾಗ ಬಿಟ್ಟಿರಲಿಲ್ಲ. ಇಬ್ಬರೂ ಒಂದೇ ಮಾತನ್ನು ಒಬ್ಬರಾದ ಮೇಲೊಬ್ಬರು ಒದರುತ್ತಿದ್ದರು. ಹಳೆಯದನ್ನು ತೆಗೆದುಹಾಕಿದೆ, ಅರ್ಧ ತಾಸಿನ ಕೆಲಸ. ಅಕ್ಕನ ಗಂಡ, ನಾನು ಮಾಮಾ ಅನ್ನುವವರು, ಸವಣೂರಿನಿಂದ ವೀಳ್ಯದೆಲೆ ತಂದು ಮಾರುವ ವ್ಯಾಪಾರಸ್ಥರು. ಅವತ್ತು ಅವರು ನನಗೆ ತಮ್ಮ ಕೈಯಾರೆ ಎಲೆ ಮಡಿಚಿ ಕೊಟ್ಟರು.

ಖಂಡೇನವಮಿಗೆ ಮತ್ತೆ ಶಿಗ್ಗಾಂವಿಗೆ ಹೋಗಿದ್ದೆ. ತಕ್ಕಡಿ, ಕುಡಗೋಲು, ಅಕ್ಕನ ಕತ್ತರಿ, ಸೂಜಿ ಡಬ್ಬಿ ಎಲ್ಲ ತೊಳೆದು ಪೂಜೆಗಿಟ್ಟರು. ನಾನು ಕಂಪ್ಯೂಟರನ್ನೂ ಬಿಡಲಿಲ್ಲ. ಮಾಮಾ ವಿಭೂತಿ ಹಿಡಿದು ಬಂದಾಗ, "ತಡೀರಿ, ಅದು ನಾ ಮಾಡಿದ್ದು, ನಾನ ಹಚ್ಚತೇನಿ" ಎಂದು ಇಸಿದುಕೊಂಡು, ನೀರಲ್ಲಿ ಗಟ್ಟಿಯಾಗಿ ಕಲಸಿ, ಪೆಟ್ಟಿಗೆಯ ಮುಂಭಾಗದ ಈ ತುದಿಯಿಂದ ಆ ತುದಿಗೆ ಮೂರು ಬೆರಳಲ್ಲಿ ಎಳೆದೆ. ಕರೀ ಪೆಟ್ಟಿಗೆಯ ಮೇಲೆ ಬೆಳ್ಳಗೆ ಎದ್ದು ಕಂಡಿತು. ಫೋಟೋ ಕೂಡ ತೆಗೆದುಕೊಂಡೆ.

ಮೂರನೇ ದಿನಕ್ಕೆ ಅಕ್ಕನ ಫೋನು. ರಿಮೋಟು ನಡೆಯುತ್ತಿಲ್ಲ.

ಇದೂ ಡ್ರೈವರಿನದೇ ತೊಂದರೆ ಎಂದೆ ನಾನು. ಒಮ್ಮೆ ಗೆದ್ದ ಕಣಕ್ಕೇ ಮತ್ತೆ ಇಳಿಯುವುದು ಮನುಷ್ಯರ ಚಟ. ಭಾನುವಾರ ಬಸ್ಸು ಹತ್ತಿ ಹೋಗಿ, ಟಿವಿಯ ಮುಂದೆ ಸ್ಟೂಲು ಹಾಕಿಕೊಂಡು ಕೀಬೋರ್ಡು ತೊಡೆಯ ಮೇಲಿಟ್ಟು ಕೂತೆ. ರಿಮೋಟು ಒತ್ತಿದರೆ ತೆರೆಯ ಮೇಲೆ ಅಂಕಿಗಳು ಬರುವಂತೆ ಮಾಡಿದೆ. ನಾನು ಒತ್ತಿದಾಗ ಪಟಪಟ ಬಂದವು. ರಿಮೋಟನ್ನು ಮಂಚದ ಮೇಲಿದ್ದ ಅಕ್ಕನ ಕೈಗೆ ಕೊಟ್ಟು ಬಂದು ತೆರೆ ನೋಡಿದೆ. ಅವಳು ಒತ್ತಿದಳು, ಒಂದು ಅಂಕಿಯೂ ಬರಲಿಲ್ಲ.

"ಇನ್ನೂ ಜೋರ ಒತ್ತಕ್ಕಾ."

"ಒತ್ತೀನಿ. ಇಲ್ಲಿಂದ ಒತ್ತಿದ್ರ ಬರೂದಿಲ್ಲ."

"ಒತ್ತಿದ್ರ ಬರ್ತಿತ್ತು."

ಮಾಮಾ ಬಂದು ಟಿವಿಯ ಹತ್ತಿರ ನಿಂತು ಒತ್ತಿದರು. ಹಾಡು ಬಂತು. ಅವರು ಅಕ್ಕನ ಕೈಯ ಕಡೆ ನೋಡಿದರು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಸೆಲ್ಲು ಬದಲಿಸಿದೆ. ಡ್ರೈವರು ತೆಗೆದು ಹೊಸದಾಗಿ ಹಾಕಿದೆ, ಹಳೆಯದನ್ನು ಮರಳಿ ತಂದು ನೋಡಿದೆ, ಗುಂಡಿಯನ್ನು ಎಷ್ಟು ಹೊತ್ತು ಒತ್ತಿದರೆ ಲೆಕ್ಕಕ್ಕೆ ಬರಬೇಕು ಎಂಬುದನ್ನೂ ತಿದ್ದಿದೆ. ನನ್ನ ಕೈಯಲ್ಲಿ ಎಲ್ಲವೂ ಸರಿ. ಅವಳ ಕೈಯಲ್ಲಿ ಮಾತ್ರ ಸತ್ತ ರಿಮೋಟು. ಹಸಿವೆಯೂ ಆಗಿತ್ತು, ಸಿಟ್ಟೂ ಬಂದಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ: "ಕುಣೀಲಿಕ್ಕೆ ಬರದಾಕಿ ನೆಲ ಡೊಂಕ ಅಂದಿದ್ದಳಂತ."

ಬೇರೆ ದಿನವಾಗಿದ್ದರೆ ಅಕ್ಕ ನನಗೆ ಎರಡು ಗಾದೆ ತಿರುಗಿ ಕೊಡುತ್ತಿದ್ದಳು. ಅವತ್ತು ರಿಮೋಟನ್ನು ದಿಂಬಿನ ಆಚೆ ಇಟ್ಟಳು. "ಖರೇನ ಅದು. ಕೈ ಹೋತು ಬಿಡವ್ವ. ನಡುವ ಸ್ವಲ್ಪ ಬಂದಂಗಾಗಿತ್ತು, ಮತ್ತ ಹೋತು."

ಆಮೇಲೆ ಅವಳ ಫೋನು ನಿಂತಿತು. ನಾನು ಮಾಡಿದರೆ ಎಡಗೈಯಲ್ಲಿ ಎತ್ತಿ ಹೂಂ, ಹೂಂ ಅನ್ನುತ್ತಿದ್ದಳು. ಬೆರಳು ಮಡಚುವುದನ್ನೂ ಬಿಟ್ಟಿದ್ದಾಳೆ, ಬಲಗೈಯನ್ನು ಸೆರಗಿನಡಿ ಮುಚ್ಚಿಕೊಂಡು ಕೂರುತ್ತಾಳೆ ಎಂದು ಮಾಮಾ ಹೇಳಿದರು. ಹಾಡು ಹಾಳಾಗಿ ಹೋಗಲಿ, ಕೈ ಹೋದರೆ ಯಾವ ಡ್ರೈವರು ಹಾಕಿ ತರಲಿ?

ಮೂರನೇ ಸಲ ಹೋದಾಗ ಕಾರ್ತೀಕ ಮುಗಿಯುತ್ತ ಬಂದು ಛಟ್ಟಿ ಅಮಾಸಿ ಹತ್ತಿರವಾಗಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಸ್ಟೂಲು, ಅದೇ ಡ್ರೈವರು. ಹತ್ತಿರದಿಂದ ಒಂದು ಗುಂಡಿಯೂ ತಪ್ಪಲಿಲ್ಲ. ಬೆನ್ನು ನೋವು ಬಂದು, ಚುರಮರಿ ತಟ್ಟೆ ಹಿಡಿದು ಹೋಗಿ ಅಕ್ಕನ ಮಂಚದ ಮೇಲೆ ಕಾಲು ಚಾಚಿ ಕೂತೆ. ತಿನ್ನುತ್ತ ತಿನ್ನುತ್ತ ಅಲ್ಲಿಂದಲೇ ಸುಮ್ಮನೆ ರಿಮೋಟು ಒತ್ತಿದೆ.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದೆ. ಜೋರಾಗಿ ಒತ್ತಿದೆ. ನನ್ನ ಹೆಬ್ಬೆಟ್ಟಿಗೆ ಯಾವ ಲಕ್ವಾವೂ ಹೊಡೆದಿರಲಿಲ್ಲ. ಎದ್ದು ಎರಡು ಹೆಜ್ಜೆ ಮುಂದೆ ಹೋಗಿ ಒತ್ತಿದೆ, ಇಲ್ಲ. ಟಿವಿಗೆ ಒಂದು ಮಾರು ಇದ್ದಾಗ ಹಾಡು ಬಂತು. ಮಂಚಕ್ಕೆ ಮರಳಿದೆ, ಮತ್ತೆ ಇಲ್ಲ. ಡ್ರೈವರಿಗೆ ದೂರ ಹತ್ತಿರ ಗೊತ್ತಿಲ್ಲ. ಅಂಗೈಯಷ್ಟು ದೂರದಿಂದ ಬಂದ ಮಿಟುಕಿಗೂ ಹತ್ತು ಹೆಜ್ಜೆ ದೂರದ ಮಿಟುಕಿಗೂ ಅದು ಒಂದೇ ಅರ್ಥ ಹೇಳುತ್ತದೆ. ದೂರಕ್ಕೆ ಸೋಲುವುದು ಬೆಳಕು. ಇಷ್ಟು ದಿನ ಗಣಿತ ಕಲಿಸಿದವಳಿಗೆ ಇದು ಹೊಳೆಯಲು ಮೂರು ಭಾನುವಾರ ಬೇಕಾದವು.

ಫೋನು ತೆಗೆದು ಸೆಲ್ಫಿ ಕ್ಯಾಮೆರಾ ಹಚ್ಚಿದೆ. ಕಣ್ಣಿಗೆ ಕಾಣದ ರಿಮೋಟಿನ ಬೆಳಕು ಅದರಲ್ಲಿ ಕಾಣುತ್ತದೆ. ಸೆರಗಿನಡಿಯಿಂದ ಅಕ್ಕನ ಬಲಗೈ ಎಳೆದು ರಿಮೋಟು ಇಟ್ಟೆ.

"ಒತ್ತು."

"ಬ್ಯಾಡ ಬಿಡ. ಎಷ್ಟ್ ಸಲ ನಾಚಿಗಿ ಮಾಡಿಸ್ತಿ?"

"ಒಂದ್ ಸಲ ಒತ್ತಕ್ಕಾ, ನಿನ್ನ ಕಾಲು ಬೀಳ್ತೇನಿ."

ಒತ್ತಿದಳು. ಫೋನಿನ ತೆರೆಯ ಮೇಲೆ ರಿಮೋಟಿನ ಮೂತಿಯಲ್ಲಿ ನೇರಳೆ ಬೆಳಕು ಝಗ್ಗೆಂದಿತು. ಅಕ್ಕ ಫೋನನ್ನು ನೋಡಿದಳು, ತನ್ನ ಹೆಬ್ಬೆಟ್ಟು ನೋಡಿದಳು, ನಾನು ಹೇಳದೆಯೇ ಇನ್ನೊಮ್ಮೆ ಒತ್ತಿದಳು. ಮತ್ತೆ ಬೆಳಕು.

ಅಂದರೆ ಬೆಳಕು ಹೊರಟಿದೆ, ತಲುಪಿಲ್ಲ. ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಬಗ್ಗಿ ನೋಡಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಗತಿ. ನಾನೇ ಎಳೆದ ವಿಭೂತಿಯ ನಡುವಿನ ಗೆರೆ ಪೆಟ್ಟಿಗೆಯ ಕಣ್ಣಿನ ಮೇಲೆ ಸುಣ್ಣದ ಗೋಡೆಯಂತೆ ಒಣಗಿ ಕೂತಿತ್ತು. ಹತ್ತಿರದಿಂದ ಬಂದ ಬೆಳಕು ಹೇಗೋ ಅದರೊಳಗಿಂದ ನುಸುಳುತ್ತಿತ್ತು, ಮಂಚದಿಂದ ಬಂದದ್ದು ಅಲ್ಲೇ ಸಾಯುತ್ತಿತ್ತು. ಮನೆಯಲ್ಲಿ ದಿನಾಲೂ ಧೂಳು ಒರೆಸುತ್ತಿದ್ದರು. ಪೂಜೆಯ ವಿಭೂತಿಯನ್ನು ಯಾರು ಅಳಿಸುತ್ತಾರೆ? ಅದು ತಾನಾಗಿ ಉದುರಬೇಕು. ಮಾಮಾ ಅದರ ಸುತ್ತಲೂ ಜೋಪಾನವಾಗಿ ಒರೆಸಿದ್ದರು. ನಾನೂ ಅದರ ಎದುರಿಗೇ ಮೂರು ಭಾನುವಾರ ಕೂತು, ಎಷ್ಟು ಚಂದ ಎಳೆದಿದ್ದೇನೆ ಎಂದು ನೋಡಿ ಖುಷಿಪಟ್ಟಿದ್ದೆ.

ಅಳಿಸಲು ನನ್ನ ಕೈಯೂ ಒಂದು ಗಳಿಗೆ ಹಿಂದೆಗೆಯಿತು. ಮಾಮಾ, "ಒರಸು. ಶಿವ ಏನೂ ಅನ್ನೂದಿಲ್ಲ" ಎಂದರು. ಸೆರಗಿನ ತುದಿ ಹಸಿ ಮಾಡಿ ಕಣ್ಣಿನ ಜಾಗವನ್ನಷ್ಟೇ ಒರೆಸಿದೆ.

ಮಂಚದಿಂದ ಅಕ್ಕ ಒತ್ತಿದಳು. ಹಾಡು ಬಂತು.

ಇನ್ನೊಮ್ಮೆ ಒತ್ತಿದಳು, ಇನ್ನೊಂದು ಹಾಡು ಬಂತು. ಆಮೇಲೆ ಅಕ್ಕ, "ಹಂಗಾದ್ರ ನನ್ನ ಕೈ ಹೋಗಿದ್ದಿಲ್ಲ" ಎಂದಳು.

"ಇಲ್ಲಕ್ಕಾ. ತಪ್ಪು ನಂದು. ನಿನ್ನ ಕೈ ಬರೋಬರಿ ಇತ್ತು."

ಲಕ್ವಾ ಹೊಡೆದಾಗಲೂ ಅಳದವಳು ಆಗ ಅತ್ತಳು. ಅಳುತ್ತಲೇ ಬೈದಳು. "ಎಷ್ಟ್ ದಿನದಿಂದ ಹೇಳಾಕತ್ತೇನಿ, ಇಲ್ಲಿಂದ ಒತ್ತಿದ್ರ ಬರೂದಿಲ್ಲ ಅಂತ. ಶಾಣ್ಯಾಕಿ ನೀ. ಒಂದರೆ ಸಲ ಇಲ್ಲಿ ಬಂದು ಕುಂತು ಒತ್ತಿ ನೋಡಿದ್ಯೇನು?"

ನೋಡಿರಲಿಲ್ಲ. ಯಂತ್ರವನ್ನು ನಂಬಿದೆ, ನನ್ನನ್ನು ನಂಬಿದೆ, ಅವಳ ಮಾತನ್ನು ನಂಬಲಿಲ್ಲ. ನನ್ನ ಬುದ್ಧಿಯ ಬಗ್ಗೆ ನನಗೆ ಈಗಲೂ ಭರವಸೆ ಇದೆ. ಅವತ್ತು ಮಾತ್ರ ತಲೆ ಎತ್ತಲು ಆಗಲಿಲ್ಲ. ಒಂದೂವರೆ ತಿಂಗಳು ಸುಮ್ಮನಿದ್ದ ಬೆರಳುಗಳು ಸಾಕಷ್ಟು ಸೆಟೆದಿದ್ದವು. ಆ ದಿನಗಳನ್ನು ನಾನು ಅವಳಿಗೆ ಎಲ್ಲಿಂದ ತಂದುಕೊಡಲಿ?

ಬಸ್ಸಿನ ಹೊತ್ತಾಯಿತೆಂದು ಚೀಲ ಕಟ್ಟುವಾಗಲೂ ಅವಳು ಒತ್ತುತ್ತಲೇ ಇದ್ದಳು. ಒಂದು ಹಾಡಿಗೂ ಪೂರ್ತಿ ಬಾಯಿ ತೆರೆಯಲು ಬಿಡಲಿಲ್ಲ. ಒಂದು ಶುರುವಾಗುತ್ತಲೇ ಇನ್ನೊಂದು. ಸೆಟೆದ ಹೆಬ್ಬೆಟ್ಟು ನಿಲ್ಲುತ್ತಿರಲಿಲ್ಲ. ಮಾಮಾಗೆ ತಡೆಯಲಾಗಲಿಲ್ಲ.

"ಒಂದ್ ಹಾಡರೆ ಪೂರಾ ಕೇಳ."

"ಹಾಡು ಆಮ್ಯಾಲ ಕೇಳೂಣ್ರಿ," ಎಂದಳು ಅಕ್ಕ. "ಮೊದ್ಲ ನನ್ನ ಕೈ ನೋಡ್ರಿ."