ಪಾಂಡವರ ಮನೆಗೆ ನಡೆದ ಅಕ್ಕೋರು

ಸೀರೆಯ ನೆರಿಗೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು, ಅದಕ್ಕೆ ಮೆತ್ತಿದ ಕೆಂಪು ಮಣ್ಣು, ಲೇಸಿನ ಜಾಗದಲ್ಲಿ ಗೋಣಿದಾರ. ನಮ್ಮ ಅಕ್ಕೋರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಕಾಲು. ಕಲಘಟಗಿ ಕಡೆಯ ನಮ್ಮೂರಿನ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ಭಾನುವಾರ ಬಂತೆಂದರೆ, ಬರುವಷ್ಟು ಹುಡುಗಿಯರನ್ನು ಕಟ್ಟಿಕೊಂಡು ದೇವಿಕೊಪ್ಪದ ಕಡೆ ಕಾಡಂಚು ಹಿಡಿದು ನಡೆದುಬಿಡುತ್ತಿದ್ದರು. ನೋಡಲು ಹೋಗುತ್ತಿದ್ದದ್ದು ಗುಡಿಯನ್ನಲ್ಲ, ಗೋರಿಗಳನ್ನು. ದುಂಡಗೆ ನೆಟ್ಟ ಬಂಡೆಗಳು, ನಡುವೆ ಚಪ್ಪಡಿ ಮುಚ್ಚಿದ ಕಲ್ಲಿನ ಕೋಣೆ. ಊರಿನವರು ಅದನ್ನು ಪಾಂಡವರ ಮನಿ ಎನ್ನುತ್ತಿದ್ದರು.

"ಪಾಂಡವರೂ ಇಲ್ಲ, ಕೌರವರೂ ಇಲ್ಲ. ನಮ್ಮ ನಿಮ್ಮಂಗ ಕುರಿ ಕಾಯೋರು, ಗಡಿಗಿ ಮಾಡೋರು," ಎನ್ನುತ್ತಿದ್ದರು ಅಕ್ಕೋರು. "ಕಲ್ಲು ತಾನಾಗಿ ದುಂಡಗ ಕುಂದ್ರಂಗಿಲ್ಲ. ಯಾರೋ ಅಳಕೋತ ಕುಂದ್ರಿಸ್ಯಾರ."

ಅವರ ಚೀಲದಲ್ಲಿ ಮೊಳಕ್ಕೊಂದು ಗಂಟು ಹಾಕಿದ ಹಗ್ಗವಿರುತ್ತಿತ್ತು. ಒಂದೊಂದು ಕಲ್ಲಿನ ಎತ್ತರ, ಒಂದರಿಂದ ಇನ್ನೊಂದಕ್ಕಿರುವ ಅಂತರ, ಎಲ್ಲವನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದರು. ಎಡದಿಂದ ಎಣಿಸಿದ ಕಲ್ಲುಗಳನ್ನು ನಾವು ಬಲದಿಂದ ಮತ್ತೆ ಎಣಿಸಬೇಕು. ಲೆಕ್ಕ ತಪ್ಪಿದರೆ, "ಕಲ್ಲು ಸುಳ್ಳು ಹೇಳಂಗಿಲ್ಲ ಬೇ, ನೀವ ಮಾತಾಡಕೋತ ಎಣಿಸೀರಿ" ಎಂದು ಇನ್ನೊಂದು ಸುತ್ತು ಹೊಡೆಸುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು, ಅಂಥ ಕಲ್ಲು ನಮ್ಮ ಹೊಲದಲ್ಲೂ ಇವೆ ಎಂದು ಜಂಬದಿಂದ ಹೇಳಿದೆ. ಅಜ್ಜ ನೇಗಿಲಿಗೆ ಅಡ್ಡ ಬಂದ ಕಲ್ಲುಗಳನ್ನು ಒಟ್ಟಿದ್ದಾನೆಂದೇ ನಾವು ತಿಳಿದಿದ್ದೆವು. ಅಕ್ಕೋರು ಬಂದು ಸುತ್ತ ನಡೆದರು. ನಡುವಿನ ಚಪ್ಪಡಿಯ ಮೇಲಿನ ಮಣ್ಣನ್ನು ಅಂಗೈಯಿಂದ ಸರಿಸಿ, ನನ್ನ ಕಡೆ ತಿರುಗಿದರು. "ನಿಮ್ಮ ಹೊಲದಾಗ ಮಂದಿ ಮಲಗ್ಯಾರವಾ. ಮೆಲ್ಲಕ ಅಡ್ಡಾಡು." ಅಂದು ಮಧ್ಯಾಹ್ನದವರೆಗೆ ಹಗ್ಗದ ಆ ತುದಿ ಹಿಡಿದವಳು ನಾನು.

ಅವರು ಕೆಳಗಿನ ಓಣಿಯ, ದಲಿತರಿಂದ ಬೌದ್ಧರಾದ ಮನೆಯವರು. ನಮ್ಮದು ಲಿಂಗವಂತರ ಮನೆ, ದೊಡ್ಡ ಹೊಲ. ಅಪ್ಪ ಅವರಿಗೆ ಕೈಮುಗಿಯುತ್ತಿದ್ದ, ಅಕ್ಕೋರ ಎಂದೇ ಕರೆಯುತ್ತಿದ್ದ. ಆದರೆ ನಮ್ಮ ಮನೆಗೆ ಬಂದರೆ ಅವರು ಕೂರುತ್ತಿದ್ದದ್ದು ಹೊರಗಿನ ಕಟ್ಟೆಯ ಮೇಲೆ. ಒಳಗೆ ಬನ್ನಿ ಎಂದು ನಾವು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾನು ಬಿ.ಎಡ್. ಓದುತ್ತಿದ್ದ ವರ್ಷ ಅಪ್ಪ ಕಲ್ಲುಗಳಿದ್ದ ಹೊಲದ ತುಂಡನ್ನು ಹಸನು ಮಾಡಿ ಮಾವು ಹಚ್ಚಲು ಜೆಸಿಬಿ ಕರೆಸಿದ. ನಾನು ಬೇಡವೆಂದದ್ದು ಅವನ ಕಿವಿಗೆ ಬೀಳಲಿಲ್ಲ. ಅಕ್ಕೋರಿಗೆ ಫೋನು ಮಾಡಿದೆ. ಆಗಲೇ ನಿವೃತ್ತರಾಗಿದ್ದರು, ಮಂಡಿ ನೋವು ಬೇರೆ. ಆದರೂ ನಡೆದೇ ಬಂದರು. ಅಷ್ಟರಲ್ಲಿ ಮೂರು ಕಲ್ಲುಗಳು ಕಿತ್ತುಬಂದು ಬದುವಿನ ಮೇಲೆ ಬಿದ್ದಿದ್ದವು. ಅಕ್ಕೋರು ಕೂಗಾಡಲಿಲ್ಲ. ಸೀದಾ ಹೋಗಿ ಚಪ್ಪಡಿಯ ಪಕ್ಕ ಕಾಲು ಚಾಚಿ ಕುಳಿತುಬಿಟ್ಟರು. ಡ್ರೈವರ್ ತಾನಾಗಿಯೇ ಎಂಜಿನ್ ನಿಲ್ಲಿಸಿದ.

ಅಪ್ಪನ ಮುಖ ಕೆಂಪಾಗಿತ್ತು. "ಅಕ್ಕೋರ, ಹೊಲಾ ನಂದು. ಕಲ್ಲೂ ನಂದ."

"ಹೊಲಾ ನಿಮ್ದರಿ, ಯಾರು ಇಲ್ಲಂತಾರ? ಒಳಗ ಇರೋ ಮಂದಿ?"

"ಯಾವ ಮಂದಿ ಅವ್ರು? ನಮ್ಮವರಾ, ನಿಮ್ಮವರಾ?"

ಅಪ್ಪ ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ಅವನಿಗೇ ಅದು ಚುಚ್ಚಿತೆಂದು ಕಾಣುತ್ತದೆ, ಮುಖ ಬೇರೆ ಕಡೆ ಮಾಡಿದ. ಅಕ್ಕೋರು ಮಾತ್ರ ಪಾಠದಲ್ಲಿ ಯಾರೋ ಒಳ್ಳೆಯ ಪ್ರಶ್ನೆ ಕೇಳಿದಂತೆ ತಲೆಯೆತ್ತಿದರು.

"ಜಾತಿ ಹುಟ್ಟೂಕಿಂತ ಮದಲಿನ ಮಂದಿ ಇವ್ರು, ಗೌಡ್ರ. ನಿಮಗೂ ಮುತ್ಯಾ ಆಗಬಹುದು, ನನಗೂ ಆಗಬಹುದು. ಗೊತ್ತಿಲ್ಲದ ಮ್ಯಾಲೆ ಇಬ್ರೂ ಮರ್ಯಾದಿ ಕೊಡೂದು ಚಲೋ ಅಲ್ಲೇನ್ರಿ?"

ಅಪ್ಪ ಬದುವಿನ ಮೇಲೆ ಹತ್ತಿ ನಿಂತ. ಹೊಲದ ಮೂಲೆಯಲ್ಲಿ ಅವನ ಅಪ್ಪನ ಸಮಾಧಿಯಿದೆ, ಅತ್ತ ಒಮ್ಮೆ ನೋಡಿದ. ಆಮೇಲೆ ಡ್ರೈವರನಿಗೆ, "ಕಿತ್ತಿದ್ದು ಮತ್ತ ಹಚ್ಚು" ಎಂದ.

"ಎಲ್ಲಿದ್ದುವೋ ಯಾರಿಗೆ ಗೊತ್ರೀ?" ಎಂದ ಡ್ರೈವರ್.

ಅಕ್ಕೋರಿಗೆ ಗೊತ್ತಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವರು ಅಳೆದು ಬರೆದುಕೊಂಡ ಚಿತ್ರ ಅವರ ಚೀಲದಲ್ಲಿತ್ತು. ಯಾವ ಕಲ್ಲು ಯಾವ ಕಡೆ ವಾಲಿತ್ತು ಎಂಬುದು ಸಹಿತ. ಹಗ್ಗ ಹಿಡಿದು ಅಳೆದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅಪ್ಪನ ಕೈಯಲ್ಲಿ. "ಗೌಡ್ರ, ಎರಡು ಬಟ್ಟು ಹಿಂದ ಸರೀರಿ," ಎಂದರೆ ಅಪ್ಪ ಎರಡು ಬೆರಳಿನಷ್ಟೇ ಸರಿಯುತ್ತಿದ್ದ. ಮೂರೂ ಕಲ್ಲು ನಿಂತಾಗ ಹೊತ್ತು ಇಳಿದಿತ್ತು.

ಅಂದು ಅಪ್ಪ ಅವರನ್ನು ಕರೆದುಕೊಂಡು ಹೋಗಿ ಕಟ್ಟೆ ದಾಟಿಸಿ ನಡುಮನೆಯಲ್ಲಿ ಕೂರಿಸಿದ. ಅವ್ವ ಎರಡು ಗಳಿಗೆ ಗಲಿಬಿಲಿಗೊಂಡು ತಾಟು ಹಾಕಿದಳು. ಅಕ್ಕೋರು ಮೂರು ರೊಟ್ಟಿ ಉಂಡು, "ಬದನಿಕಾಯಿ ಪಲ್ಲೆಕ್ಕ ಉಪ್ಪು ಕಡಿಮಿ ಆಗೇತವಾ" ಎಂದರು. ಅವ್ವ ನಕ್ಕಳು.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಅಪ್ಪ ನನ್ನ ಜೊತೆ ಕೆಳಗಿನ ಓಣಿಗೆ ಬಂದ. ಹುಟ್ಟಿದ ಊರಿನಲ್ಲಿ ಅವನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಅಕ್ಕೋರ ಮಗನ ಕೈ ಹಿಡಿದು, "ನಮ್ಮ ಹೊಲದಾಗ ಜಾಗಾ ಐತಿ, ತಮ್ಮಾ. ಆ ಕಲ್ಲಿನ ಬಾಜು. ನೀ ಹೂಂ ಅಂದ್ರ ಅಲ್ಲೇ ಮಣ್ಣು ಮಾಡೂಣು," ಎಂದ.

ಮಗ ಕಣ್ಣೊರೆಸಿಕೊಂಡ. "ಅವ್ವ ದೇಹಾ ದಾನಾ ಬರದಾಳ್ರಿ, ಗೌಡ್ರ. ಡಾಕ್ಟರಕಿ ಕಲಿಯೋ ಹುಡುಗರಿಗೆ. ಕಾಲೇಜಿನ ಗಾಡಿ ಬಂದೈತಿ."

ಅಪ್ಪನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಾಡಿ ಓಣಿಯೊಳಗೆ ಬರುವಂತಿರಲಿಲ್ಲ, ದೊಡ್ಡ ರಸ್ತೆಯಲ್ಲಿ ನಿಂತಿತ್ತು. ನಾಲ್ವರು ಅಕ್ಕೋರನ್ನು ಎತ್ತಿದಾಗ ಅಪ್ಪ ಚಪ್ಪಲಿ ಕಳೆದು, ಮುಂದಿನ ಹುಡುಗನನ್ನು ಸರಿಸಿ, ತಾನು ಹೆಗಲು ಕೊಟ್ಟ. ಮೇಲಿನ ಓಣಿಯ ಮಂದಿ ಕಟ್ಟೆಗಳ ಮೇಲೆ ಎದ್ದು ನಿಂತು ನೋಡುತ್ತಿದ್ದರು. ಅಪ್ಪ ಯಾರ ಕಡೆಗೂ ನೋಡದೆ ರಸ್ತೆಯ ತನಕ ನಡೆದ.